ಏರಿ ಇಳಿಯುವ ಗಾಡಿಯ ಕ್ಯಾಮ್‌ಶಾಫ್ಟ್

ತಿಳವಳ್ಳಿ,
೧೮-೧೧-೨೦೨೪

ಪ್ರೀತಿಯ ಮಗ ಫಕ್ಕೀರೇಶ,

ಪಠಾಣಕೋಟಿನ ಚಳಿಗೆ ನಿನ್ನ ಮೊಣಕಾಲು ನೋವು ಹೆಚ್ಚಿತೇ? ಮಿಲಿಟರಿ ವರ್ಕ್‌ಶಾಪಿನ ತಣ್ಣನೆಯ ನೆಲದ ಮೇಲೆ ಮಂಡಿಯೂರಿ ಕೂರಬೇಡ. ಇಲ್ಲಿ ನಿನ್ನ ಅವ್ವ, ನಿನ್ನ ಹೆಂಡತಿ ವಿದ್ಯಾ ಇಬ್ಬರೂ ಕ್ಷೇಮ. ಫೋನ್ ಮಾಡಿದರೆ ನಿನ್ನ ತಮ್ಮ ಸುದೀಪ ಪಕ್ಕದಲ್ಲೇ ಇರುತ್ತಾನೆ. ಅದಕ್ಕೇ ಈ ಕಾಗದ.

ನಮ್ಮ ಹಳೆಯ ಪಿಕಪ್ಪಿಗೆ ಹಾನಗಲ್ಲಿನ ಅಯಾಜ್‌ನ ಗ್ಯಾರೇಜಿನಲ್ಲಿ ಡೀಸೆಲ್ ಎಂಜಿನ್ ತೆಗೆದು ಪೆಟ್ರೋಲ್ ಎಂಜಿನ್ ಕೂರಿಸುತ್ತಿರುವುದು ನಿನಗೆ ಗೊತ್ತು. ಮೊನ್ನೆ ಹೋದಾಗ ಗೋಣಿತಾಟಿನ ಮೇಲೆ ಎರಡು ಕ್ಯಾಮ್‌ಶಾಫ್ಟ್ ಇದ್ದವು. ವಾಲ್ವು ತೆರೆದು ಮುಚ್ಚುವ ಆ ಉಬ್ಬುಗಳ ಸಲಾಕೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಒಂದು ಎಂಜಿನ್ನಿನ ಜೊತೆಗೇ ಬಂದದ್ದು. ಇನ್ನೊಂದು ಕೊಯಮತ್ತೂರಿನಿಂದ ತರಿಸಿದ ರೇಸಿನದು. ಅಯಾಜ್ ಮೆಲ್ಲಗೆ ಹೇಳಿದ: "ಕಾಕಾ, ಇದನ್ನ ಹಾಕಿದ್ರ ಗಾಡಿ ನಿಂತಲ್ಲೇ ಗುಡುಗತೈತಿ. ಆದ್ರ ಸಾವಕಾಶ ಹೋಗುವಾಗ ಎಂಜಿನ್ ಗಾಳಿ ಎಳೆಯೂದು ಕಡಿಮಿ. ಬ್ರೇಕಿಗೆ ಬಲಾ ಕೊಡೂದ ಆ ಎಳೆತ ರೀ. ಪೆಡಲ್ ಕಲ್ಲಾಗತೈತಿ, ತುಳಿದ್ರೂ ಬ್ರೇಕ್ ಹಿಡಿಯೂದಿಲ್ಲ."

ಹಳೆಯ ಎಂಜಿನ್ನಿನಲ್ಲಿ ಅದಕ್ಕೆಂದೇ ಪಂಪು ಇತ್ತಂತೆ. ಎಂಜಿನ್ ಜೊತೆ ಅದೂ ಹೋಯಿತು. ಜೊತೆಗೆ ಬಂದಿದ್ದ ಸುದೀಪ ನಕ್ಕುಬಿಟ್ಟ. "ಯಪ್ಪಾ, ನಿನಗ ಲೈಬ್ರರಿ ಪುಸ್ತಕಾ ಬಿಟ್ರ ಏನ್ ಗೊತ್ತೈತಿ? ಹಿರೇಕೆರೂರ ಕಡೆ ಹೋರಿ ಬೆದರಿಸೂ ಹಬ್ಬಕ್ಕ ಹೋದ್ರ ನಮ್ಮ ಹೋರಿ ಗಾಡಿಯಿಂದ ಇಳಿಯೂಕಿಂತ ಮೊದಲ ಅಖಾಡ ನಡುಗಬೇಕು!" ಹೋರಿಯ ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಹೆಮ್ಮೆಪಡುತ್ತಿದ್ದೆವು. ಈಗ ಅದನ್ನು ತರುವ ಗಾಡಿಯೂ ಗುಟುರು ಹಾಕಬೇಕಂತೆ.

ಕೆರೆ ಏರಿಯ ಇಳಿಜಾರು ಮರೆತೆಯಾ? ೧೯೮೭ರಲ್ಲಿ ಬ್ರೇಕು ಹಿಡಿಯದ ಟ್ರ್ಯಾಕ್ಟರ್ ಅಲ್ಲಿಂದಲೇ ನೀರಿಗೆ ಬಿತ್ತು. ನಿನ್ನ ಸೋದರತ್ತೆ ಫಕ್ಕೀರವ್ವ ಅದರಲ್ಲಿದ್ದಳು. ಮೊದಲು ಮೇಲೆ ಬಂದದ್ದು ಅವಳ ಬುತ್ತಿ ಗಂಟು, ಇನ್ನೂ ಬಿಚ್ಚಿರಲಿಲ್ಲ. ಅಂದಿನಿಂದ ತಡೆಗೋಡೆಗಾಗಿ ಹನ್ನೊಂದು ಅರ್ಜಿ ಬರೆದೆ. ಕಲ್ಲು ಬರಲಿಲ್ಲ, ಒಂದು ಬೋರ್ಡು ಬಂತು: 'ನಿಧಾನವಾಗಿ ಚಲಿಸಿ'. ನಿಧಾನ ಹೋದಾಗಲೇ ಬ್ರೇಕು ಕಲ್ಲಾಗುವ ಗಾಡಿಗೆ ಆ ಬೋರ್ಡು ಏನು ಹೇಳೀತು?

ನೀನು ರಿಪೇರಿ ಮಾಡಿದ ಗಾಡಿಗಳೆಲ್ಲ ಮನೆ ಮುಟ್ಟಲಿ, ನೀನೂ ರಜೆಗೆ ಸುಖವಾಗಿ ಬಾ. ಅವ್ವನ ಆಶೀರ್ವಾದವೂ ಇದರಲ್ಲಿದೆ.

ನಿನ್ನ ಅಪ್ಪ,
ಉಡಚಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ರೇಸಿನ ಶಾಫ್ಟಿನ ಫೋಟೋ ನೋಡಿ ನೀನೇ ಹೂಂ ಅಂದೆಯೆಂದು ಸುದೀಪ ಹೇಳುತ್ತಾನೆ. ಗಾಡಿ ನಿನ್ನ ಹೆಸರಿನಲ್ಲಿದೆ, ಅಯಾಜ್ ನಿನ್ನ ಮಾತನ್ನೇ ಕೇಳುತ್ತಾನೆ. ಅದರಲ್ಲಿ ಹೋರಿಯೊಂದೇ ಹೋಗುತ್ತದೆಂದು ನೀನು ತಿಳಿದಿರಬೇಕು. ಗ್ಯಾರೇಜಿಗೆ ಬಿಡುವವರೆಗೂ ದಿನಾ ಬೆಳಿಗ್ಗೆ ಬೆಂಡಿ ಬೀಜದ ಹೊಲದ ಕೂಲಿಗೆ ಹದಿನಾಲ್ಕು ಹೆಂಗಸರು ಅದರಲ್ಲೇ ಕೆರೆ ಏರಿ ದಾಟುತ್ತಿದ್ದರು, ಗಾಡಿ ಬಂದ ಮೇಲೂ ದಾಟುತ್ತಾರೆ. ಹೋದ ತಿಂಗಳು ವಿದ್ಯಾನೂ ಅವರ ಜೊತೆ ಹೋಗುತ್ತಿದ್ದಳು. "ಮಾವಾ, ಅವರಿಗೆ ಬರೀಬ್ಯಾಡ್ರಿ" ಅಂದಿದ್ದಳು, ಮಾತು ಮುರಿದೆ. ಅವಳು ಕೂರುವುದು ಹಿಂದಿನ ಹಲಗೆಯ ಅಂಚಿಗೆ. ಇದೇ ಇಪ್ಪತ್ತೆಂಟಕ್ಕೆ ರೇಸಿನ ಶಾಫ್ಟ್ ಕೂರಿಸುತ್ತಾರೆ. ಸುದೀಪನಿಗಲ್ಲ, ಅಯಾಜ್‌ಗೆ ಫೋನ್ ಮಾಡು.