ಎಡಗಡೆಯ ಮಿಂಚು

ಜೂನ್ ೧೪, ಮಂಗಳವಾರ

ಸಾರಿ ಡೈರಿ, ನಾಳೆ ಟೆಸ್ಟ್ ಇಟ್ಟುಕೊಂಡು ನಿನ್ನನ್ನು ತೆರೆದಿದ್ದೇನೆ. ಓದಿದ್ದೊಂದೂ ತಲೆಗೆ ಹತ್ತುತ್ತಿಲ್ಲ.

ಬೆಳಿಗ್ಗೆ ಕ್ಲಾಸಿನಲ್ಲಿ ಲ್ಯಾಟಿನ್ ಮೂಲದ ಪದವೊಂದು ಬಂತು: ಫಲ್ಗ್ಯುರೇಟರ್. ಮಿಂಚು ನೋಡಿ ಭವಿಷ್ಯ ಹೇಳುವವನು. ಎಡಗಡೆ ಮಿಂಚಿದರೆ ಶುಭವಂತೆ. ಸಂಜೆಯಿಂದ ಇಡೀ ಹಾಸ್ಟೆಲ್‌ಗೆ ನಾನೇ ಜ್ಯೋತಿಷಿ.

ಆಗಲೇ ಅಣ್ಣನ ಫೋನ್ ಬಂತು. ಅವನು ಲೈನ್‌ಮನ್. ಗಾಳಿಗೆ ತಂತಿ ಹರಿದಿದೆ, ಕಂಬ ಹತ್ತಬೇಕು ಎಂದ. ನನ್ನ ಹೊಸ ವಿದ್ಯೆ ಕೇಳಿ ನಕ್ಕ.

"ಹಂಗಾದ್ರೆ ಹೇಳಮ್ಮ ಜೋಯಿಸಮ್ಮ, ಈಗ್ಲೇ ಹತ್ಲಾ, ಸ್ವಲ್ಪ ಕಾಯ್ಲಾ?"

ಕಿಟಕಿಯ ಎಡಕ್ಕೆ ಫಳ್ಳೆಂದಿತು. "ಹತ್ತೋ, ಸೂಪರ್ ಶಕುನ!" ಎಂದುಬಿಟ್ಟೆ.

ಊಟದ ಹೊತ್ತಿಗೆ ರೂಮ್‌ಮೇಟ್ ನಗುತ್ತಾ, "ದಕ್ಷಿಣಕ್ಕೆ ಮುಖ ಮಾಡ್ಕೊಂಡು ನೋಡ್ಬೇಕು ಅಂತ ಕ್ಲಾಸಲ್ಲಿ ಮೇಡಂ ಅಂದಿದ್ರಲ್ಲೇ. ನಮ್ ಕಿಟಕಿ ಇರೋದು ಉತ್ತರಕ್ಕೆ! ಎಡ ಬಲ ಎಲ್ಲಾ ಉಲ್ಟಾ," ಎಂದಳು.

ಇದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಮತ್ತೆ ಮತ್ತೆ ರಿಂಗ್ ಮಾಡುತ್ತಿದ್ದೇನೆ. ಅಣ್ಣ ಫೋನ್ ಎತ್ತುತ್ತಿಲ್ಲ. ಅತ್ತಿಗೆಗೆ ಮಾಡಿದೆ. "ಕೆಲ್ಸದಲ್ಲಿದ್ದಾಗ ಅವ್ರು ಎತ್ತಲ್ಲ ಕಣೇ, ಮಲ್ಕೋ" ಎಂದರು. ಅವರ ದನಿಯಲ್ಲೂ ನಿದ್ದೆ ಇರಲಿಲ್ಲ.

ಮತ್ತೆ ಮಿಂಚುತ್ತಿದೆ. ಯಾವ ಕಡೆ ಎಂದು ನೋಡುವ ಧೈರ್ಯವಿಲ್ಲದೆ ಪರದೆ ಎಳೆದಿದ್ದೇನೆ. ಪರದೆ ತೆಳ್ಳಗಿದೆ.

ಅಣ್ಣಾ, ಮೆಸೇಜ್ ಹಾಕಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ. ಕಂಬ ಇಳಿದ ಕೂಡಲೇ ಉತ್ತರ ಕೊಡು. ಬೇಗ ಕೊಡು.