ಕೊಂಬೆ ಅಲ್ಲಾಡಿಸಿದವನಿಗೆ

ಅಣ್ಣ,

ನಾನು ಬೆಳಗಿನ ಪಾಳಿಗೆ ಹೊರಟೆ. ಅಮ್ಮನ ಮಾತ್ರೆ ಸ್ಟೂಲಿನ ಮೇಲಿದೆ, ಹಾಲು ಬಿಸಿ ಮಾಡಿ ಕೊಡು. ನಿನ್ನ ಕ್ಯಾಮೆರಾ ಬ್ಯಾಗನ್ನು ಊಟದ ಮೇಜಿನಿಂದ ಎತ್ತು.

ನಿನ್ನೆ ಸಂಜೆ ಅಮ್ಮ ನಿದ್ದೆಯಲ್ಲಿದ್ದಾಗ ಯಾವುದೋ ಮದುವೆ ಜೋಡಿಯನ್ನು ಕರೆತಂದು ಹಿತ್ತಲ ಮರದಡಿ ನಿಲ್ಲಿಸಿದೆಯಂತೆ. ಫೋಟೋದಲ್ಲಿ ಹೂಮಳೆ ಬೀಳಬೇಕೆಂದು ಕೊಂಬೆಗೆ ಹಗ್ಗ ಕಟ್ಟಿ ಎಳೆದೆಯಂತೆ. ಈಗ ಮರದಲ್ಲಿ ಒಂದು ಹೂವೂ ಉಳಿದಿಲ್ಲ. ಪಕ್ಕದ ಮನೆ ಟೈಲರ್ ನಗುನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ನಾನು ಕೇಳಿದ್ದಕ್ಕೆ ನೀನು, "ಹೇಗಿದ್ರೂ ಒಂದು ವಾರಕ್ಕೆ ಉದುರೋದೇ ಅಲ್ವಾ?" ಎಂದೆ. ಹೌದು ಮಹಾರಾಯ, ಉದುರುತ್ತಿತ್ತು. ಆ ವಾರ ಅಮ್ಮನದು. ಹಾಸಿಗೆ ಹಿಡಿದ ಮೇಲೆ ಅವಳ ಪಾಲಿಗೆ ಹೊಸತೆಂದು ಏನಾದರೂ ನಡೆಯುತ್ತಿದ್ದದ್ದು ಆ ಮರ ಕಾಣುವ ಅವಳ ಕಿಟಕಿಯಲ್ಲಿ ಮಾತ್ರ. "ಮೇಲಿನ ಕೊಂಬೆ ಉದುರ್ತಾ ಇದೆ ಕಣೇ, ನಾಳೆ ಇರಲ್ಲ, ಪಾತ್ರೆ ಬಿಟ್ಟು ಬಾರೇ" ಎಂದು ಕೂಗಿ ಕರೆಯುತ್ತಿದ್ದಳು. ಮುಂದಿನ ವರ್ಷದ ಹೂವಿಗೆ ಅವಳಿರುವುದು ಅನುಮಾನ ಎಂದು ಡಾಕ್ಟರು ಹೇಳಿದಾಗ ನೀನೂ ಅಲ್ಲೇ ಇದ್ದೆ.

ಆ ಫೋಟೋ ತೋರಿಸಿ ಸಮಾಧಾನ ಮಾಡಲು ಹೋಗಬೇಡ. ಗಾಳಿ ಬೀಸಿತೆಂದು ಸುಳ್ಳು ಹೇಳಬೇಡ. ಎದ್ದ ಕೂಡಲೇ ಕಿಟಕಿ ತೆಗೆ ಎನ್ನುತ್ತಾಳೆ. ನೀನೇ ತೆಗೆ. ಅವಳು ಏನಾದರೂ ಹೇಳುವವರೆಗೂ ಅಲ್ಲೇ ನಿಂತಿರು.