ಕ್ಲಚ್ಚಿನ ಕಾಲು

ಭಾನುವಾರ, ಮಧ್ಯಾಹ್ನ

ಮುದ್ದು ಗುಬ್ಬೀ,

ಅಮ್ಮನ ಕಾಗದ ನೋಡಿ ಗಾಬರಿಯಾಗಬೇಡ, ಎಲ್ಲರೂ ಬದುಕಿದ್ದೇವೆ. ಫೋನಿನಲ್ಲಿ ನಿನ್ನ ದನಿ ಕೇಳಿದೊಡನೆ ನನ್ನ ಬಾಯಿಗೆ ಸುಳ್ಳೇ ಬರುತ್ತದೆ, ಅದಕ್ಕೇ ಬರೆಯಲು ಕೂತೆ. ಕೂತೆ ಎನ್ನುವುದೂ ಹೆಸರಿಗೆ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ.

ನೀನು ಕೇಳಿದಾಗಲೆಲ್ಲ ಅಪ್ಪ ಶಾಲೆ ಮಕ್ಕಳನ್ನು ಬಿಡಲು ಹೋಗಿದ್ದಾರೆ ಅನ್ನುತ್ತಿದ್ದೆನಲ್ಲ, ವ್ಯಾನು ಶಾಲೆ ಕಡೆ ಹೋಗಿ ನಾಲ್ಕು ತಿಂಗಳಾಯಿತು. ಅಪ್ಪನಿಗೆ ಲಕ್ವ ಹೊಡೆಯಿತು. ಕಾಲೆಳೆದುಕೊಂಡು ನಡೆಯುತ್ತಾರೆ, ಮಾತು ಸ್ವಲ್ಪ ತೊದಲುತ್ತದೆ, ಬಲಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ. ವ್ಯಾಯಾಮ ಮಾಡಿಸುವಾಕೆ ಕೊಟ್ಟ ರಬ್ಬರ್ ಚೆಂಡನ್ನು ಮುಟ್ಟುವುದೂ ಇಲ್ಲ. ನಿನ್ನ ನರ್ಸಿಂಗ್ ಪರೀಕ್ಷೆ ಮುಗಿಯುವ ತನಕ ಹೇಳಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ನಿನ್ನೆ ಮುಗಿಯಿತಲ್ಲ, ಬೈಯುವುದಿದ್ದರೆ ಈಗ ಬೈ.

ಶಾಲೆಯವರು ಬೇರೆ ವ್ಯಾನ್ ನೋಡುತ್ತೇವೆ ಎಂದಾಗ ನನಗೆ ತಲೆ ಕೆಟ್ಟಿತು. "ನಾನೇ ಓಡಿಸ್ತೀನಿ" ಅಂದುಬಿಟ್ಟೆ. ಐವತ್ತೊಂದು ವರ್ಷದವಳು, ಸೈಕಲ್ಲೂ ಬಾರದವಳು! ಕಾಯಿಲೆ ಬಿದ್ದ ಮೇಲೆ ಅಪ್ಪ ಮೊದಲ ಸಲ ನಕ್ಕಿದ್ದು ಆವತ್ತೇ.

ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಬೆಳಗ್ಗೆ ಗಾಡಿಯನ್ನು ಮುಚ್ಚಿದ ಕಾರ್ಖಾನೆಯ ಅಂಗಳಕ್ಕೆ ತಂದುಕೊಡುತ್ತಾರೆ. ಅಲ್ಲಿಂದ ನಾನು, ಪಕ್ಕದ ಸೀಟಿನಲ್ಲಿ ಅಪ್ಪ. ತಲೆಗೆ ಎಲ್ಲ ಗೊತ್ತು ಕಣೇ, ಕಾಲಿಗೆ ಗೊತ್ತಿಲ್ಲ. ಕ್ಲಚ್ ನಿಧಾನ ಬಿಡು ಎಂದರೆ ತಟ್ಟನೆ ಬಿಡುತ್ತೇನೆ, ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ನಿಲ್ಲುತ್ತದೆ. ಗೇರ್ ಎಲ್ಲಿದೆಯೆಂದು ಬಗ್ಗಿದರೆ ಅಪ್ಪನ ಬೈಗುಳ: "ಕಣ್ಣು ಮುಂದಿರ್ಲಿ, ಕೈ ತಾನೇ ಹುಡುಕ್ಕೊಳ್ಳತ್ತೆ. ನೂರು ಸಲ ತಪ್ಪಲಿ ಬಿಡು." ನಿಮಗೇನು, ಹುಟ್ಟುತ್ತಲೇ ಸ್ಟೀರಿಂಗ್ ಹಿಡಿದವರು ಎಂದು ರೇಗಿದೆ. ಆಗ, ತಾನೂ ಮೂರು ಸಲ ಟೆಸ್ಟಿನಲ್ಲಿ ಫೇಲಾಗಿದ್ದೆ ಎಂದರು. ಮದುವೆಯಾಗಿ ಇಪ್ಪತ್ತಾರು ವರ್ಷ, ಇದನ್ನು ಈಗ ಹೇಳುತ್ತಾರೆ!

ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆ ಮುಂದೆ ನಿಂತರೂ ಎಡಗಾಲು ನೆಲ ಒತ್ತುತ್ತದೆ. ಬಟ್ಟೆ ಮಡಿಸುವಾಗಲೂ ಗೇರ್ ಹಾಕುತ್ತಿರುತ್ತೇನೆ. ಆರನೇ ವಾರ ಒಂದು ಬೆಳಗ್ಗೆ, ನಿನಗೆ ಪ್ರಶ್ನೆಪತ್ರಿಕೆ ಕಷ್ಟವಿತ್ತೋ ಏನೋ ಎಂದು ಯೋಚಿಸುತ್ತಿದ್ದೆ. ನೋಡಿದರೆ ಗಾಡಿ ಎರಡನೇ ಗೇರಿನಲ್ಲಿ ತಣ್ಣಗೆ ಹೋಗುತ್ತಿದೆ! ಯಾವಾಗ ಹಾಕಿದೆನೋ ನನಗೇ ಗೊತ್ತಿಲ್ಲ. ಅಯ್ಯೋ ಬಂತಲ್ಲಾ ಎಂದುಕೊಂಡ ಮರುಕ್ಷಣವೇ ಎಂಜಿನ್ ಆಫಾಯಿತು.

ಗುರುವಾರ ಟೆಸ್ಟು. ಫೇಲಾದರೆ ಅಪ್ಪನ ದಾಖಲೆ ಮುರಿಯಲು ಇನ್ನೂ ಮೂರು ಅವಕಾಶವಿದೆ.

ನಿನ್ನ ಸುಳ್ಳುಬುರುಕಿ,
ಅಮ್ಮ

ಮತ್ತೆ: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಶುಕ್ರವಾರ ಅಂಗಳದ ಇಳಿಜಾರಿನಲ್ಲಿ ಗಾಡಿ ತಾನಾಗಿ ಉರುಳತೊಡಗಿತು. ಬ್ರೇಕ್ ಯಾವ ಕಾಲಿನದೆಂದೇ ನನಗೆ ಮರೆತುಹೋಯಿತು. ಗೋಡೆ ಎದುರಿಗೇ ಬಂತು. ಕರ್ರೆಂದು ಹ್ಯಾಂಡ್‌ಬ್ರೇಕ್ ಎಳೆದ ಸದ್ದು; ಗೇಣು ದೂರದಲ್ಲಿ ನಿಂತೆವು. ಅಪ್ಪ ಎಡಗೈಯಲ್ಲಿ ಕಿಟಕಿಯ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು, ಕಣ್ಣಾರೆ ನೋಡಿದ್ದೇನೆ. ಎಳೆದದ್ದು ಬಲಗೈ! ನನ್ನನ್ನು ಬೈಯುವ ಭರದಲ್ಲಿ ಅವರಿಗದು ಗೊತ್ತೇ ಆಗಿಲ್ಲ. ಹೇಳಿದರೆ ಯೋಚಿಸಲು ಶುರುಮಾಡಿ ಆ ಕೈ ಮತ್ತೆ ಹಾಗೇ ಬಿದ್ದುಕೊಂಡರೆ? ಎರಡು ದಿನದಿಂದ ನಾಲಿಗೆ ಕಚ್ಚಿಕೊಂಡು ಓಡಾಡುತ್ತಿದ್ದೇನೆ. ಓದಿದವಳು ನೀನು, ಹೇಳಲೋ ಬೇಡವೋ? ಬೇಗ ಬಾರೇ.